ಟಾನ್ಸಿಲ್ ಪದೇ ಪದೇ ಕೆಡುತ್ತಿದೆ: ಯಾವ ಬ್ಯಾಕ್ಟೀರಿಯಾ, ಯಾವ ಆಂಟಿಬಯೋಟಿಕ್?

ಅರ್ಧರಾತ್ರಿ ಓದುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಎರಡು ವರ್ಷದಿಂದ ಈ ಟಾನ್ಸಿಲ್ ಕಾಟ ಬಿಟ್ಟಿಲ್ಲ. ಎರಡು ಮೂರು ತಿಂಗಳು ಆರಾಮಾಗಿರುತ್ತೇನೆ, ಆಮೇಲೆ ಒಂದು ಬೆಳಿಗ್ಗೆ ಏಳುತ್ತಿದ್ದ ಹಾಗೆ ಉಗುಳು ನುಂಗಲೂ ಆಗುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಎರಡೂ ಕಡೆ ಕೆಂಪಗೆ ಊದಿಕೊಂಡಿರುತ್ತದೆ, ಮೇಲೆ ಬಿಳಿ ಚುಕ್ಕೆ. ಜ್ವರ, ಮೈಕೈ ನೋವು. ಕೆಲವು ಸಲ ಜೊತೆಗೆ ನೆಗಡಿ ಕೆಮ್ಮೂ ಇರುತ್ತದೆ, ಕೆಲವು ಸಲ ಇರುವುದಿಲ್ಲ.

ಮೊದಲ ಸಲ ಬಂದಾಗ ತುಂಬಾ ಜೋರಾಗಿತ್ತು. ಕೆಲವು ವಾರ ಹಾಸಿಗೆ ಬಿಟ್ಟೇಳಲು ಆಗದಷ್ಟು ಸುಸ್ತು. ಆಗ ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಕೊಟ್ಟರು. ಒಂದು ವಾರ ಆಗುವ ಹೊತ್ತಿಗೆ ಎದೆ, ಬೆನ್ನು, ಕೈ ಎಲ್ಲಾ ಕೆಂಪು ದದ್ದು. ಪೆನಿಸಿಲಿನ್ ಅಲರ್ಜಿ ಅಂತ ಫೈಲ್ ಮೇಲೆ ದಪ್ಪಕ್ಷರದಲ್ಲಿ ಬರೆದರು. ಅಂದಿನಿಂದ ಯಾರ ಹತ್ತಿರ ಹೋದರೂ ಆ ಸಾಲು ನೋಡುತ್ತಾರೆ, ಮೂರು ದಿನದ ಅಜಿಥ್ರೋಮೈಸಿನ್ ಬರೆಯುತ್ತಾರೆ. ಒಮ್ಮೆ ಸೆಫಿಕ್ಸಿಮ್ ಕೊಟ್ಟಿದ್ದರು, ಅದರಿಂದ ಏನೂ ತೊಂದರೆ ಆಗಲಿಲ್ಲ. ಎಲ್ಲಾ ಕೋರ್ಸೂ ಪೂರ್ತಿ ಮುಗಿಸಿದ್ದೇನೆ.

ಹೋದ ಸಲ ಗಂಟಲಿನ ಕಲ್ಚರ್ ಮಾಡಿಸಿದೆ, ಮಾತ್ರೆ ಶುರುವಾಗಿ ಎರಡನೇ ದಿನ. ಸ್ಟ್ಯಾಫಿಲೋಕಾಕಸ್ ಆರಿಯಸ್ ಬೆಳೆದಿದೆ ಎಂದು ಬಂದಿದೆ. ಕೆಳಗೆ ಹದಿನೈದಿಪ್ಪತ್ತು ಔಷಧಿಗಳ ಪಟ್ಟಿ, ಪಕ್ಕದಲ್ಲಿ ಎಸ್ ಅಥವಾ ಆರ್. ರಕ್ತ ಪರೀಕ್ಷೆಯಲ್ಲಿ ಎಎಸ್‌ಒ ಟೈಟರ್ ಜಾಸ್ತಿ ಇದೆಯಂತೆ. ಇನ್ನೊಂದು ವಿಷಯ, ಜೊತೆಯಲ್ಲೇ ಇರುವ ಅಕ್ಕನ ಮಗನಿಗೆ ಸ್ಟ್ರೆಪ್ (ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ) ಟೆಸ್ಟ್ ಪಾಸಿಟಿವ್ ಬಂದಿತ್ತು, ಅವನು ಮಾತ್ರ ಕುಣಿದುಕೊಂಡು ಚೆನ್ನಾಗೇ ಇದ್ದಾನೆ.

ನನ್ನ ಪ್ರಶ್ನೆ ಇಷ್ಟೇ. ಯಾವ ಬ್ಯಾಕ್ಟೀರಿಯಾ ಹೀಗೆ ವಾಪಸ್ ವಾಪಸ್ ಬರುತ್ತದೆ? ಇದನ್ನು ಬುಡಸಮೇತ ಕೀಳುವ ಆಂಟಿಬಯೋಟಿಕ್ ಯಾವುದು? ಅಥವಾ ಟಾನ್ಸಿಲ್ ತೆಗೆಸಿಬಿಡಲಾ?

---

ಸುಡುಬಿಸಿಲು:

ಗುರು, ಸಣ್ಣಪುಟ್ಟ ಮಾತ್ರೆಗೆಲ್ಲಾ ಇದು ಬಗ್ಗುವುದಿಲ್ಲ. ನಮ್ಮ ಭಾವನಿಗೂ ಹೀಗೇ ಇತ್ತು, ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಹಾಕಿಸಿದ ಮೇಲೆ ಎರಡೇ ದಿನದಲ್ಲಿ ಎದ್ದು ಕೂತರು. ರಿಪೋರ್ಟ್‌ನಲ್ಲಿ ಎಸ್ ಅಂತ ಇರುವುದರಲ್ಲಿ ಎಲ್ಲಕ್ಕಿಂತ ಹೈ ಪವರ್ ಯಾವುದೋ ಅದನ್ನೇ ಬರೆಸಿಕೊಳ್ಳಿ. ಸುಮ್ನೆ ಯಾಕೆ ಒದ್ದಾಡುತ್ತೀರಿ.

---

ಲ್ಯಾಬ್ ಮೂಲೆ:

ಸುಡುಬಿಸಿಲು ಅವರೇ, ಎರಡು ದಿನದಲ್ಲಿ ಎದ್ದು ಕೂರುವುದು ಏನೂ ತೆಗೆದುಕೊಳ್ಳದವರಲ್ಲೂ ಆಗುತ್ತದೆ. ಗಂಟಲು ನೋವಿನ ಮೇಲೆ ನಡೆದ ಅಧ್ಯಯನಗಳನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಆಂಟಿಬಯೋಟಿಕ್ ನೋವಿನ ಅವಧಿಯನ್ನು ಸರಾಸರಿ 16 ಗಂಟೆಯಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಒಂದು ವಾರದ ಹೊತ್ತಿಗೆ ಔಷಧಿ ಇಲ್ಲದವರಲ್ಲೂ ಹೆಚ್ಚಿನವರು ಸರಿಹೋಗಿರುತ್ತಾರೆ. ಹಾಗಾಗಿ "ನನಗೆ ಕೆಲಸ ಮಾಡಿತು" ಅನ್ನುವುದನ್ನು ಗಂಟಲಿನ ವಿಷಯದಲ್ಲಿ ನಂಬುವುದು ಕಷ್ಟ.

ನಾನು ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಡಾಕ್ಟರ್ ಅಲ್ಲ. ಚಿಕಿತ್ಸೆ ಬಗ್ಗೆ ಹೇಳುವುದಿಲ್ಲ, ಆ ರಿಪೋರ್ಟ್ ಬಗ್ಗೆ ಹೇಳುತ್ತೇನೆ.

ಗಂಟಲು ಯಾವತ್ತೂ ಖಾಲಿ ಜಾಗ ಅಲ್ಲ. ಆರೋಗ್ಯವಾಗಿರುವವರ ಗಂಟಲಿನಿಂದ ಸ್ವಾಬ್ ತೆಗೆದರೂ ಪ್ಲೇಟ್ ತುಂಬಾ ಏನಾದರೂ ಬೆಳೆಯುತ್ತದೆ. ನಾವು ಹುಡುಕುವುದು ಮುಖ್ಯವಾಗಿ ಒಂದನ್ನು: ಗ್ರೂಪ್ ಎ ಸ್ಟ್ರೆಪ್ಟೋಕಾಕಸ್, ಅಂದರೆ ಸ್ಟ್ರೆಪ್ಟೋಕಾಕಸ್ ಪಯೋಜೆನೆಸ್. ರಕ್ತ ಸೇರಿಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಪ್ಲೇಟ್ ಮೇಲೆ ಸ್ವಾಬ್ ಎಳೆದು ಇನ್‌ಕ್ಯುಬೇಟರ್‌ನಲ್ಲಿ ಇಡುತ್ತೇವೆ. ಮಾರನೇ ದಿನ ತೆಗೆದು ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಚಿಕ್ಕ ಬೂದು ಚುಕ್ಕೆಗಳು, ಪ್ರತಿಯೊಂದರ ಸುತ್ತ ರಕ್ತವೆಲ್ಲಾ ಕರಗಿ ತಿಳಿಯಾದ ಉಂಗುರ. ಆ ಉಂಗುರ ಚುಕ್ಕೆಗಿಂತ ದೊಡ್ಡದಿರುತ್ತದೆ. ಅದು ಕಂಡರೆ ಮುಂದಿನ ಟೆಸ್ಟ್ ಮಾಡಿ ಗ್ರೂಪ್ ಎ ಹೌದೋ ಅಲ್ಲವೋ ಹೇಳುತ್ತೇವೆ. ಕಾಣದಿದ್ದರೆ ಇನ್ನೊಂದು ದಿನ ಇಟ್ಟು ನೋಡುತ್ತೇವೆ.

ನಿಮ್ಮ ರಿಪೋರ್ಟ್‌ನಲ್ಲಿ ನನಗೆ ಕಾಣುವ ಮೊದಲ ತೊಂದರೆ, ಮಾತ್ರೆ ಶುರುವಾದ ಮೇಲೆ ಸ್ವಾಬ್ ತೆಗೆದದ್ದು. ಸ್ಟ್ರೆಪ್ ಇದ್ದಿದ್ದರೂ ಒಂದೆರಡು ಡೋಸ್‌ಗೇ ಪ್ಲೇಟ್ ಮೇಲೆ ಬೆಳೆಯದಷ್ಟು ಕಡಿಮೆಯಾಗಿಬಿಡಬಹುದು. ಆಗ ಉಳಿಯುವುದು ಆ ಔಷಧಿಗೆ ಜಗ್ಗದ ಉಳಿದವು. ಸ್ಟ್ಯಾಫ್ ಆರಿಯಸ್ ಅಂತಹದ್ದೇ. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಇದು ತೊಂದರೆ ಕೊಡದೆ ವಾಸವಾಗಿರುತ್ತದೆ, ಗಂಟಲಲ್ಲೂ ಸಿಗುತ್ತದೆ. ಬೆಳೆಯಿತು ಅಂದ ಮಾತ್ರಕ್ಕೆ ಅದೇ ರೋಗ ತಂದಿದೆ ಅಂತ ಅರ್ಥ ಅಲ್ಲ. ತುಂಬಾ ಲ್ಯಾಬ್‌ಗಳು ಅದನ್ನು ವರದಿ ಮಾಡುವುದೇ ಇಲ್ಲ, ನೋಡಿದವರು ಹೆದರಿ ಅದಕ್ಕೊಂದು ಔಷಧಿ ಕೊಡುತ್ತಾರೆ ಅನ್ನುವ ಕಾರಣಕ್ಕೆ.

ಎರಡನೆಯದು ಆ ಎಸ್, ಆರ್ ಪಟ್ಟಿ. ಅದು ಸ್ಟ್ಯಾಫ್‌ನ ಪಟ್ಟಿ, ನಿಮ್ಮ ಗಂಟಲಿನ ಪಟ್ಟಿ ಅಲ್ಲ. ಎಸ್ ಅಂದರೆ ಮಾಮೂಲಿ ಡೋಸ್‌ಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ ಎಂದಷ್ಟೇ, ಆರ್ ಅಂದರೆ ಬಗ್ಗುವುದಿಲ್ಲ. ಕೆಲವು ಕಡೆ ಪಕ್ಕದಲ್ಲಿ ಮಿಲಿಮೀಟರ್ ಲೆಕ್ಕವೂ ಇರುತ್ತದೆ (ಔಷಧಿ ಹಾಕಿದ ಚಿಕ್ಕ ಡಿಸ್ಕ್‌ನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗದ ಅಳತೆ), ಅದನ್ನು ನೋಡಿ 30 ಇರುವುದು 20 ಇರುವುದಕ್ಕಿಂತ ಸ್ಟ್ರಾಂಗ್ ಅಂದುಕೊಳ್ಳುತ್ತಾರೆ. ಅದು ತಪ್ಪು. ಪ್ರತಿ ಡಿಸ್ಕ್‌ನಲ್ಲಿ ಔಷಧಿಯ ಪ್ರಮಾಣ ಬೇರೆ, ಅಗಾರ್‌ನಲ್ಲಿ ಹರಡುವ ವೇಗ ಬೇರೆ. ಒಂದರ ಅಳತೆಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಹೈ ಪವರ್ ಅನ್ನುವ ಕಾಲಂ ಯಾವ ರಿಪೋರ್ಟ್‌ನಲ್ಲೂ ಇಲ್ಲ.

ಎಎಸ್‌ಒ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಿಂದೆ ಯಾವಾಗಲೋ ಸ್ಟ್ರೆಪ್ ಬಂದು ಹೋಗಿದ್ದರೆ ದೇಹ ಮಾಡಿಟ್ಟ ಪ್ರತಿಕಾಯ ಅದು. ಸೋಂಕಾಗಿ ಮೂರರಿಂದ ಐದು ವಾರಕ್ಕೆ ತುದಿ ಮುಟ್ಟುತ್ತದೆ, ತಿಂಗಳುಗಟ್ಟಲೆ ಮೇಲೇ ಇರುತ್ತದೆ. ಈವತ್ತಿನ ಗಂಟಲು ನೋವು ಯಾವುದರಿಂದ ಅನ್ನುವುದನ್ನು ಅದು ಹೇಳುವುದಿಲ್ಲ. ರುಮಾಟಿಕ್ ಜ್ವರದ (ಸ್ಟ್ರೆಪ್ ಬಂದು ಹೋದ ಮೇಲೆ ಹೃದಯದ ವಾಲ್ವ್ ಕೆಡಿಸಬಲ್ಲ ಕಾಯಿಲೆ) ಅನುಮಾನ ಇದ್ದಾಗ ಅದರ ಉಪಯೋಗ ಬೇರೆ.

---

ಬಿಳಿಕೋಟು:

ಲ್ಯಾಬ್ ಮೂಲೆಯವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಾನು ಜನರಲ್ ಮೆಡಿಸಿನ್‌ನಲ್ಲಿದ್ದೇನೆ. ನಿಮ್ಮನ್ನು ನೋಡದೆ ಔಷಧಿ ಹೇಳಲು ಆಗುವುದಿಲ್ಲ, ಆದರೆ ಯೋಚನೆ ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳಬಹುದು.

ನಿಮ್ಮ ಕಥೆಯಲ್ಲಿ ಸ್ಟ್ಯಾಫ್‌ಗಿಂತ ನನ್ನ ಗಮನ ಹೋಗಿದ್ದು ಆ ದದ್ದಿನ ಕಡೆಗೆ. ಇಪ್ಪತ್ತರ ಆಸುಪಾಸಿನ ವಯಸ್ಸು, ವಾರಗಟ್ಟಲೆ ಸುಸ್ತು, ದೊಡ್ಡದಾದ ಟಾನ್ಸಿಲ್, ಅಮಾಕ್ಸಿಸಿಲಿನ್ ಶುರು ಮಾಡಿ ಕೆಲವು ದಿನ ಆದ ಮೇಲೆ ಮೈ ತುಂಬಾ ಕೆಂಪು ದದ್ದು. ಇದನ್ನು ಕೇಳಿದ ಯಾರಿಗೇ ಆದರೂ ಮೊದಲು ನೆನಪಾಗಬೇಕಾದದ್ದು ಮೋನೋ, ಅಂದರೆ ಎಪ್‌ಸ್ಟೀನ್-ಬಾರ್ ವೈರಸ್‌ನಿಂದ ಬರುವ ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್. ಅದು ಟಾನ್ಸಿಲ್ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ, ಕುತ್ತಿಗೆಯ ಹಿಂಭಾಗದಲ್ಲೂ ಗಂಟು ಬರಿಸುತ್ತದೆ, ನೋಡಲು ಥೇಟ್ ಬ್ಯಾಕ್ಟೀರಿಯಾ ಸೋಂಕಿನ ಹಾಗೇ. ಆ ಸಮಯದಲ್ಲಿ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಬಿದ್ದರೆ ಕೆಲವರಿಗೆ ಹೀಗೆ ದದ್ದು ಏಳುತ್ತದೆ. ಇದು ಸಾಮಾನ್ಯವಾಗಿ ಜೀವನಪೂರ್ತಿ ಇರುವ ಪೆನಿಸಿಲಿನ್ ಅಲರ್ಜಿ ಅಲ್ಲ. ವೈರಸ್ ಹೋದ ಮೇಲೆ ಅದೇ ಔಷಧಿ ಕೊಟ್ಟರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ.

ನಿಮಗೆ ಆಗಿದ್ದು ಅದೇ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಮಾತ್ರೆ ನುಂಗಿ ಗಂಟೆಯೊಳಗೆ ಬಂತೋ, ಕೆಲವು ದಿನ ಬಿಟ್ಟು ಬಂತೋ? ಬೆಂದ ಹಾಗೆ ಎದ್ದು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಮೂಡುವ ತುರಿಕೆ ಗಂಧೆಯೋ, ಚಪ್ಪಟೆಯಾಗಿ ಹರಡಿದ ಕೆಂಪು ಚುಕ್ಕೆಗಳೋ? ತುಟಿ, ನಾಲಿಗೆ ಊದಿತ್ತಾ? ಉಸಿರಾಡಲು ಕಷ್ಟ ಆಗಿತ್ತಾ? ಬಾಯಿ ಕಣ್ಣಿನಲ್ಲಿ ಹುಣ್ಣಾಗಿ ಚರ್ಮ ಸುಲಿದಿತ್ತಾ? ಕೊನೆಯ ಮೂರರಲ್ಲಿ ಒಂದಕ್ಕಾದರೂ ಹೌದು ಅಂದರೆ ಲೆಕ್ಕ ಬೇರೆ, ಪೆನಿಸಿಲಿನ್ ಕಡೆ ತಲೆ ಹಾಕಬಾರದು. ಇಲ್ಲ ಅಂದರೆ ಅಲರ್ಜಿ ತಜ್ಞರ ಹತ್ತಿರ ಹೋಗಿ ಆ ಹಣೆಪಟ್ಟಿ ನಿಜವೋ ಅಂತ ಪರೀಕ್ಷೆ ಮಾಡಿಸಿ. ಪೆನಿಸಿಲಿನ್ ಅಲರ್ಜಿ ಇದೆ ಅಂತ ಫೈಲ್‌ನಲ್ಲಿ ಬರೆಸಿಕೊಂಡವರನ್ನು ಪರೀಕ್ಷಿಸಿದಾಗ ನೂರಕ್ಕೆ 90ಕ್ಕೂ ಹೆಚ್ಚು ಜನರಿಗೆ ಅಲರ್ಜಿ ಇರುವುದೇ ಇಲ್ಲ. ದಯವಿಟ್ಟು ಮನೆಯಲ್ಲಿ ಒಂದು ಮಾತ್ರೆ ನುಂಗಿ ನೋಡುವ ಸಾಹಸ ಬೇಡ.

ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಆ ಒಂದು ಸಾಲಿನಿಂದಾಗಿ ಸ್ಟ್ರೆಪ್‌ಗೆ ಇರುವ ಅತ್ಯುತ್ತಮ ಔಷಧಿಯನ್ನೇ ನಿಮಗೆ ಎರಡು ವರ್ಷದಿಂದ ಯಾರೂ ಕೊಟ್ಟಿಲ್ಲ. ಪೆನಿಸಿಲಿನ್ 1940ರ ದಶಕದಿಂದ ಬಳಕೆಯಲ್ಲಿದೆ. ಇಷ್ಟು ವರ್ಷವಾದರೂ ಗ್ರೂಪ್ ಎ ಸ್ಟ್ರೆಪ್ ಅದಕ್ಕೆ ಪ್ರತಿರೋಧ ಬೆಳೆಸಿಕೊಂಡಿಲ್ಲ. ಬೇರೆ ಬ್ಯಾಕ್ಟೀರಿಯಾಗಳೆಲ್ಲಾ ಒಂದೊಂದಾಗಿ ಕೈ ತಪ್ಪಿ ಹೋಗುತ್ತಿರುವ ಕಾಲದಲ್ಲಿ ಇದು ನನಗೆ ಈಗಲೂ ಆಶ್ಚರ್ಯ. ಅಜಿಥ್ರೋಮೈಸಿನ್ ಹಾಗಲ್ಲ. ಅದಕ್ಕೆ ಬಗ್ಗದ ಸ್ಟ್ರೆಪ್ ತಳಿಗಳು ಎಷ್ಟೋ ಕಡೆ ಇವೆ, ಪ್ರಮಾಣ ಊರಿಂದ ಊರಿಗೆ ಬೇರೆ. ಸುಡುಬಿಸಿಲು ಅವರು ಹೇಳುವ ಸೆಫ್ಟ್ರಿಯಾಕ್ಸೋನ್ ಸ್ಟ್ರೆಪ್ ಅನ್ನು ಕೊಲ್ಲುತ್ತದೆ, ನಿಜ. ಆದರೆ ಪೆನಿಸಿಲಿನ್ನೂ ಕೊಲ್ಲುತ್ತದೆ. ಹೊಟ್ಟೆಯೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಸೇರಿಸಿ ಕೊಲ್ಲುವುದರಿಂದ ಗಂಟಲಿಗೆ ಯಾವ ಲಾಭವೂ ಇಲ್ಲ.

---

ಅರ್ಧರಾತ್ರಿ ಓದುಗ:

ಸರ್, ತುಂಬಾ ಥ್ಯಾಂಕ್ಸ್. ಗಂಟೆಯೊಳಗೆ ಬಂದಿದ್ದಲ್ಲ, ಚೆನ್ನಾಗಿ ನೆನಪಿದೆ, ಕೋರ್ಸ್ ಮುಗಿಯುವ ಹತ್ತಿರ ಬಂದಿದ್ದು. ಊತ, ಉಸಿರಾಟದ ತೊಂದರೆ ಏನೂ ಇರಲಿಲ್ಲ. ಆಗ ಮೋನೋ ಟೆಸ್ಟ್ ಯಾರೂ ಮಾಡಲಿಲ್ಲ.

ಆದರೆ ಒಂದು ಅನುಮಾನ. ಪೆನಿಸಿಲಿನ್‌ಗೆ ಸ್ಟ್ರೆಪ್ ಯಾವತ್ತೂ ಬಗ್ಗುತ್ತದೆ ಅಂದರೆ, ಪೆನಿಸಿಲಿನ್ ತಗೊಂಡವರಿಗೂ ಮತ್ತೆ ಮತ್ತೆ ಬರುತ್ತದಲ್ಲ, ಅದು ಯಾಕೆ?

---

ಬಿಳಿಕೋಟು:

ಒಳ್ಳೆಯ ಪ್ರಶ್ನೆ. ಇದಕ್ಕೆ ಒಂದೇ ಉತ್ತರ ಇಲ್ಲ.

ಎಲ್ಲಕ್ಕಿಂತ ಸಾಮಾನ್ಯ ಕಾರಣ, ಪ್ರತಿ ಸಲವೂ ಅದು ಸ್ಟ್ರೆಪ್ ಆಗಿರುವುದಿಲ್ಲ. ಗಂಟಲು ನೋವು ಅಂತ ಬರುವ ದೊಡ್ಡವರಲ್ಲಿ ಗ್ರೂಪ್ ಎ ಸ್ಟ್ರೆಪ್ ಇರುವುದು ನೂರಕ್ಕೆ 5ರಿಂದ 15 ಜನರಲ್ಲಿ, ಮಕ್ಕಳಲ್ಲಿ 20ರಿಂದ 30. ಉಳಿದದ್ದರಲ್ಲಿ ಹೆಚ್ಚಿನ ಪಾಲು ವೈರಸ್. ಬಿಳಿ ಚುಕ್ಕೆ ಇದ್ದರೆ ಬ್ಯಾಕ್ಟೀರಿಯಾ ಅನ್ನುವುದು ಜನ ಗಟ್ಟಿಯಾಗಿ ಹಿಡಿದುಕೊಂಡಿರುವ ನಂಬಿಕೆ, ಅಡೆನೋವೈರಸ್ಸೂ ಅದನ್ನು ಮಾಡುತ್ತದೆ. ನಾವು ನೋಡುವ ಲಕ್ಷಣ ನಾಲ್ಕು: ಜ್ವರ, ಟಾನ್ಸಿಲ್ ಮೇಲೆ ಕೀವು ಅಥವಾ ಊತ, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟು, ಮತ್ತು ಕೆಮ್ಮು ಇಲ್ಲದಿರುವುದು. ಸೆಂಟೋರ್ (Centor) ಸ್ಕೋರ್ ಅಂತ ಹೆಸರು, 1981ರಿಂದ ಬಳಕೆಯಲ್ಲಿದೆ. ತಮಾಷೆ ಏನೆಂದರೆ ನಾಲ್ಕಕ್ಕೆ ನಾಲ್ಕೂ ಇದ್ದರೂ ಸ್ಟ್ರೆಪ್ ಸಿಗುವುದು ಹೆಚ್ಚುಕಮ್ಮಿ ಅರ್ಧದಷ್ಟು ಜನರಲ್ಲಿ. ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ, ಟೆಸ್ಟ್ ಬೇಕೇ ಬೇಕು. ನಿಮಗೆ ನೆಗಡಿ ಕೆಮ್ಮಿನ ಜೊತೆ ಬಂದ ಸಲಗಳನ್ನು ಸದ್ಯಕ್ಕೆ ಲೆಕ್ಕದಿಂದ ತೆಗೆದುಬಿಡಿ.

ಆಮೇಲೆ ಕ್ಯಾರಿಯರ್‌ಗಳ ವಿಷಯ. ನಿಮ್ಮ ಅಕ್ಕನ ಮಗ ಬಹುಶಃ ಈ ಗುಂಪಿನವನು. ಕೆಲವು ಕಾಲದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 20ರವರೆಗೂ ಗಂಟಲಲ್ಲಿ ಸ್ಟ್ರೆಪ್ ಇಟ್ಟುಕೊಂಡು ಓಡಾಡುತ್ತಿರುತ್ತಾರೆ, ರೋಗ ಇರುವುದಿಲ್ಲ. ಇಂಥವರಿಗೆ ವೈರಸ್ ನೆಗಡಿ ಬಂದಾಗ ಟೆಸ್ಟ್ ಮಾಡಿದರೂ ಪಾಸಿಟಿವ್ ಬರುತ್ತದೆ, ಆಂಟಿಬಯೋಟಿಕ್ ಕೊಡುತ್ತಾರೆ, ಮುಂದಿನ ನೆಗಡಿಗೆ ಮತ್ತೆ ಪಾಸಿಟಿವ್. ಕಾಗದದ ಮೇಲೆ ಅದು ಪದೇ ಪದೇ ಬಂದ ಸ್ಟ್ರೆಪ್, ನಿಜವಾಗಿ ಪದೇ ಪದೇ ಬಂದದ್ದು ವೈರಸ್. ಕ್ಯಾರಿಯರ್‌ಗಳಿಂದ ಬೇರೆಯವರಿಗೆ ಹರಡುವುದು ಕಡಿಮೆ, ಅವರಿಗೆ ರುಮಾಟಿಕ್ ಜ್ವರ ಬರುವ ಸಾಧ್ಯತೆಯೂ ತೀರಾ ಕಡಿಮೆ. ಹುಡುಗ ಕುಣಿಯುತ್ತಿದ್ದರೆ ಕುಣಿಯಲಿ ಬಿಡಿ, ಅವನಿಗೆ ಔಷಧಿ ಬೇಡ.

ಹೊಸದಾಗಿ ಮತ್ತೊಮ್ಮೆ ತಗುಲುವುದೂ ಇದೆ. ಸ್ಟ್ರೆಪ್‌ನ ಮೈಮೇಲೆ ಎಂ ಪ್ರೋಟೀನ್ ಎನ್ನುವುದಿರುತ್ತದೆ, ಅದರಲ್ಲಿ 200ಕ್ಕೂ ಹೆಚ್ಚು ಬಗೆ. ಒಂದು ಬಗೆಯ ವಿರುದ್ಧ ಬಂದ ಶಕ್ತಿ ಇನ್ನೊಂದಕ್ಕೆ ಸಾಕಾಗುವುದಿಲ್ಲ.

ಇನ್ನು ನಿಜಕ್ಕೂ ಅದೇ ಸ್ಟ್ರೆಪ್ ಔಷಧಿ ತಪ್ಪಿಸಿಕೊಂಡು ಉಳಿಯುವುದು. ಟಾನ್ಸಿಲ್ ನುಣುಪಾದ ಉಂಡೆ ಅಲ್ಲ, ಒಳಗೆ ಆಳವಾದ ಸಂದುಗಳಿವೆ. ಅಲ್ಲಿ ಬ್ಯಾಕ್ಟೀರಿಯಾಗಳು ಅಂಟಿನ ಪದರದಂತಹ ಬಯೋಫಿಲ್ಮ್ ಕಟ್ಟಿಕೊಂಡು ಕೂರುತ್ತವೆ. ತೆಗೆದ ಟಾನ್ಸಿಲ್‌ಗಳಲ್ಲಿ ಜೀವಕೋಶದ ಒಳಗೇ ಸ್ಟ್ರೆಪ್ ಕಂಡಿದ್ದೂ ಇದೆ, ಮತ್ತು ಪೆನಿಸಿಲಿನ್ ಜೀವಕೋಶದ ಒಳಗೆ ಚೆನ್ನಾಗಿ ಹೋಗುವುದಿಲ್ಲ. ಜೊತೆಗೆ ನೆರೆಹೊರೆಯ ಕಾಟ. ಸ್ಟ್ಯಾಫ್ ಆರಿಯಸ್, ಹೀಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ, ಪ್ರೆವೊಟೆಲ್ಲಾದಂತಹ ಗಾಳಿ ಬೇಡದ ಬ್ಯಾಕ್ಟೀರಿಯಾಗಳು, ಇವುಗಳಲ್ಲಿ ಎಷ್ಟೋ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ಬಿಡುತ್ತವೆ. ಅದು ಪೆನಿಸಿಲಿನ್ ಅನ್ನು ಒಡೆದು ಹಾಕುತ್ತದೆ. ಸ್ಟ್ರೆಪ್ ತಾನೇ ಆ ಕಿಣ್ವ ಮಾಡುವುದಿಲ್ಲ, ಮಳೆಯಲ್ಲಿ ಪಕ್ಕದವನ ಕೊಡೆ ಕೆಳಗೆ ನಿಂತವನ ಹಾಗೆ ಬಚಾವಾಗುತ್ತದೆ. ಕೇಳಲು ಬಹಳ ಚೆನ್ನಾಗಿರುವ ವಾದ, ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ ಅನ್ನುವುದೂ ನೆನಪಿರಲಿ. ಆದರೂ ಬಿಡದೆ ಕಾಡುವ ಸ್ಟ್ರೆಪ್‌ಗೆ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್, ಅಥವಾ ಕ್ಲಿಂಡಾಮೈಸಿನ್ ಆರಿಸುವುದು ಈ ಲೆಕ್ಕದ ಮೇಲೆ. ಕ್ಲಾವುಲನೇಟ್ ಆ ಕಿಣ್ವವನ್ನು ತಡೆಯುತ್ತದೆ, ಕ್ಲಿಂಡಾಮೈಸಿನ್‌ಗೆ ಆ ಕಿಣ್ವದ ಹಂಗೇ ಇಲ್ಲ, ಜೀವಕೋಶದ ಒಳಗೂ ಹೋಗುತ್ತದೆ. ಆದರೆ ಅದರಿಂದ ಸಿ. ಡಿಫಿಸಿಲ್ ಎನ್ನುವ ಕೆಟ್ಟ ಭೇದಿ ಬರುವ ಅಪಾಯ ಇದೆ, ಮೊದಲ ಸಲಕ್ಕೇ ಕೈ ಹಾಕುವ ಔಷಧಿ ಅಲ್ಲ.

ಕೊನೆಗೆ ಮನುಷ್ಯನ ಮೈಗುಣ. ಸ್ಟ್ರೆಪ್ ಪದೇ ಪದೇ ಬರುವ ಮಕ್ಕಳ ಟಾನ್ಸಿಲ್ ಹಾಗೂ ಬೇರೆ ಕಾರಣಕ್ಕೆ ತೆಗೆದ ಟಾನ್ಸಿಲ್ ಎರಡನ್ನೂ ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ಪದೇ ಪದೇ ಬರುವವರಲ್ಲಿ ಪ್ರತಿಕಾಯ ತಯಾರಾಗುವ ಜಾಗಗಳೇ ಚಿಕ್ಕವು, ಸ್ಟ್ರೆಪ್‌ನ ಒಂದು ವಿಷದ ವಿರುದ್ಧದ ಪ್ರತಿಕಾಯವೂ ಕಡಿಮೆ, ಮನೆತನದಲ್ಲೂ ಇದು ಕಾಣುತ್ತದೆ. ಅಂದರೆ ಕೆಲವರಿಗೆ ಮಾತ್ರ ಯಾಕೆ ಹೀಗೆ ಅನ್ನುವುದಕ್ಕೆ ಒಂದಷ್ಟು ಉತ್ತರ ಅವರ ದೇಹದಲ್ಲೇ ಇದೆ. ಇದಕ್ಕೆ ಯಾವ ಆಂಟಿಬಯೋಟಿಕ್ಕೂ ಏನೂ ಮಾಡಲಾರದು.

---

ಹಸಿರು ಪೆನ್ನು:

ಮಧ್ಯದಲ್ಲಿ ಕೇಳುತ್ತಿದ್ದೇನೆ, ಬೇಜಾರಿಲ್ಲ ಅಲ್ವಾ? ಪೆನಿಸಿಲಿನ್ 10 ದಿನ ಯಾಕೆ? ಮೂರನೇ ದಿನಕ್ಕೇ ಆರಾಮಾಗಿರುತ್ತದಲ್ಲ. ಅಜಿಥ್ರೋ ಮೂರೇ ದಿನಕ್ಕೆ ಮುಗಿಯುತ್ತದೆ ಅಂತಾನೇ ಎಲ್ಲರಿಗೂ ಇಷ್ಟ.

---

ಬಿಳಿಕೋಟು:

ಅಜಿಥ್ರೋಮೈಸಿನ್ ನುಂಗುವುದು ಮೂರು ದಿನ ಇರಬಹುದು, ಅದು ಮೈಯಲ್ಲಿ ಇರುವುದು ಅದಕ್ಕಿಂತ ತುಂಬಾ ಹೊತ್ತು. ಅರ್ಧಾಯು, ಅಂದರೆ ಮೈಯಲ್ಲಿರುವ ಔಷಧಿ ಅರ್ಧಕ್ಕೆ ಇಳಿಯುವ ಸಮಯ, ಸುಮಾರು 68 ಗಂಟೆ. ಅಷ್ಟು ನಿಧಾನವಾಗಿ ಇಳಿಯುವುದರಿಂದ ಕಡಿಮೆ ಪ್ರಮಾಣದಲ್ಲಿ ಬಹಳ ದಿನ ಉಳಿದು ಗಂಟಲಿನ ಬ್ಯಾಕ್ಟೀರಿಯಾಗಳಿಗೆ ಪ್ರತಿರೋಧದ ಪಾಠ ಹೇಳಿಕೊಟ್ಟ ಹಾಗೂ ಆಗುತ್ತದೆ. ಅಂದ ಹಾಗೆ ಸ್ಟ್ರೆಪ್‌ಗೆ ಅಮೆರಿಕದ ಮಾರ್ಗಸೂಚಿ ಹೇಳುವುದು ಐದು ದಿನ, ಮೂರಲ್ಲ. ಅದೂ ನಿಜವಾದ ಪೆನಿಸಿಲಿನ್ ಅಲರ್ಜಿ ಇದ್ದವರಿಗೆ.

10 ದಿನದ ಹಿಂದೆ ಒಂದು ಇತಿಹಾಸ ಇದೆ. 1949ರ ಸುಮಾರಿಗೆ ಅಮೆರಿಕದ ವಾಯೊಮಿಂಗ್‌ನ ವಾರೆನ್ ವಾಯುನೆಲೆಯಲ್ಲಿ ಸ್ಟ್ರೆಪ್ ಬಂದ ಸೈನಿಕರಿಗೆ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟು ನೋಡಿದರು. ಕೊಟ್ಟವರಲ್ಲಿ ರುಮಾಟಿಕ್ ಜ್ವರ ಗಣನೀಯವಾಗಿ ಕಡಿಮೆಯಾಯಿತು. ಗಂಟಲು ನೋವು ಶುರುವಾಗಿ 9 ದಿನದೊಳಗೆ ಔಷಧಿ ಆರಂಭಿಸಿದರೂ ಹೃದಯದ ವಾಲ್ವ್ ಉಳಿಯುತ್ತದೆ ಅನ್ನುವ ಮಾತು ಬಂದದ್ದು ಅಲ್ಲಿಂದ. ಅಂದರೆ ಟೆಸ್ಟ್ ರಿಪೋರ್ಟ್‌ಗೆ ಒಂದೆರಡು ದಿನ ಕಾದರೆ ಏನೂ ಮುಳುಗುವುದಿಲ್ಲ. 10 ದಿನದ ಲೆಕ್ಕ ಗಂಟಲಿನಿಂದ ಬ್ಯಾಕ್ಟೀರಿಯಾ ಪೂರ್ತಿ ಹೋಗಲಿ ಅನ್ನುವುದಕ್ಕೆ, ನೋವು ಹೋಗಲಿ ಅನ್ನುವುದಕ್ಕಲ್ಲ.

ಈಗ ಇದೂ ಸ್ವಲ್ಪ ಸಡಿಲವಾಗುತ್ತಿದೆ. ಸ್ವೀಡನ್‌ನಲ್ಲಿ 5 ದಿನ, ದಿನಕ್ಕೆ ನಾಲ್ಕು ಸಲ 800 ಮಿ.ಗ್ರಾಂ. ಪೆನಿಸಿಲಿನ್ ವಿ ಕೊಟ್ಟು, 10 ದಿನ, ದಿನಕ್ಕೆ ಮೂರು ಸಲ 1000 ಮಿ.ಗ್ರಾಂ. ಕೊಟ್ಟದ್ದಕ್ಕೆ ಹೋಲಿಸಿದರು. ಫಲಿತಾಂಶ 2019ರಲ್ಲಿ ಬಂತು. ರೋಗ ವಾಸಿಯಾಗುವುದರಲ್ಲಿ 5 ದಿನದ್ದು ಹಿಂದೆ ಬೀಳಲಿಲ್ಲ, ಬ್ಯಾಕ್ಟೀರಿಯಾ ಪೂರ್ತಿ ಹೋಗುವುದರಲ್ಲಿ ಮಾತ್ರ ಸ್ವಲ್ಪ ಕಡಿಮೆ. ಹಾಗಾಗಿ ಒಮ್ಮೆ ಬಂದು ಹೋಗುವವರಿಗೆ 5 ದಿನ ಸಾಕು ಅನ್ನುವ ದೇಶಗಳಿವೆ. ರುಮಾಟಿಕ್ ಜ್ವರ ಇನ್ನೂ ಕಾಣುವ ಕಡೆ, ಅಥವಾ ಪದೇ ಪದೇ ಬರುವವರಲ್ಲಿ, ನಾನು 10ರ ಪರ.

ಇನ್ನೊಂದು, ಪೆನಿಸಿಲಿನ್ ಜಾತಿಯ ಔಷಧಿಗಳಲ್ಲಿ ಎಷ್ಟು ಜಾಸ್ತಿ ನುಂಗಿದಿರಿ ಅನ್ನುವುದಕ್ಕಿಂತ ಎಷ್ಟು ಹೊತ್ತು ರಕ್ತದಲ್ಲಿ ಸಾಕಷ್ಟು ಇತ್ತು ಅನ್ನುವುದು ಮುಖ್ಯ. ಬೆಳಿಗ್ಗೆ ಮರೆತೆ ಅಂತ ರಾತ್ರಿ ಎರಡು ನುಂಗಿದರೆ ಲೆಕ್ಕ ಸರಿಹೋಗುವುದಿಲ್ಲ.

---

ಟಾನ್ಸಿಲ್ ಇಲ್ಲದವಳು:

ಆಪರೇಷನ್ ಬಗ್ಗೆ ನಾನು ಹೇಳಬಹುದು, ಮೂವತ್ತು ದಾಟಿದ ಮೇಲೆ ಮಾಡಿಸಿಕೊಂಡವಳು. ಮಕ್ಕಳು ಬೇಗ ಎದ್ದು ಓಡಾಡುತ್ತಾರೆ, ದೊಡ್ಡವರಿಗೆ ನೋವು ಸುಮಾರು ಎರಡು ವಾರ. ಮಧ್ಯದಲ್ಲಿ ಇನ್ನೇನು ಕಡಿಮೆಯಾಯಿತು ಅನ್ನುವಾಗ ಮತ್ತೆ ಜಾಸ್ತಿಯಾಗುತ್ತದೆ, ಗಾಯದ ಮೇಲಿನ ಬಿಳಿ ಪೊರೆ ಕಳಚುವ ಸಮಯ ಅದು. ರಕ್ತ ಬರುವ ಅಪಾಯವೂ ಆಗಲೇ, 5ರಿಂದ 10ನೇ ದಿನದ ಮಧ್ಯೆ. ನೀರು ಕುಡಿಯುವುದನ್ನು ನಿಲ್ಲಿಸಿದರೆ ಇನ್ನೂ ಕಷ್ಟ.

ನನ್ನ ಸರ್ಜನ್ ಮೊದಲ ಭೇಟಿಯಲ್ಲಿ ಒಪ್ಪಲಿಲ್ಲ. ಲೆಕ್ಕ ತನ್ನಿ ಅಂದರು. ಒಂದು ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ವರ್ಷಕ್ಕೆ 3 ಸಲ, ಅದೂ ಪ್ರತಿ ಸಲ ಡಾಕ್ಟರ್ ನೋಡಿ ಬರೆದದ್ದು, 38.3 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ, ಕೀವು, ಗಂಟು ಅಥವಾ ಸ್ಟ್ರೆಪ್ ಪಾಸಿಟಿವ್, ಇವುಗಳಲ್ಲಿ ಒಂದಾದರೂ ಇರಬೇಕು. ಮೊದಲಿಗೆ ಸಿಟ್ಟು ಬಂತು, ನೋವು ನನಗೆ, ಲೆಕ್ಕ ಇವರಿಗೆ! ಆಮೇಲೆ ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ತಾರೀಕು, ಜ್ವರ ಎಷ್ಟು, ಕೆಮ್ಮು ಇತ್ತೋ ಇಲ್ಲವೋ, ಟೆಸ್ಟ್ ಏನು ಬಂತು, ಯಾವ ಮಾತ್ರೆ. ಆ ಹಾಳೆಯೇ ಕೊನೆಗೆ ಕೆಲಸ ಮಾಡಿದ್ದು.

ಬ್ರಿಟನ್‌ನಲ್ಲಿ ದೊಡ್ಡವರ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂದಿದೆ. ಎರಡು ವರ್ಷದಲ್ಲಿ ಗಂಟಲು ನೋವಿನ ದಿನಗಳು ಆಪರೇಷನ್ ಆದವರಿಗೆ 23, ಕಾದು ನೋಡಿದವರಿಗೆ 30. ಲಾಭ ಇದೆ, ಸಿನಿಮಾ ಥರ ಅಲ್ಲ. ರಕ್ತಸ್ರಾವವೂ ಸುಮಾರು ಐವರಲ್ಲಿ ಒಬ್ಬರಿಗೆ ಆಗಿತ್ತು. ನನಗೆ ಈಗಲೂ ನೆಗಡಿ ಬಂದಾಗ ಗಂಟಲು ನೋಯುತ್ತದೆ, ಆದರೆ ಆ ಹಾಸಿಗೆ ಹಿಡಿಸುವ ಜ್ವರ ಇಲ್ಲ. ನನ್ನ ಮಟ್ಟಿಗೆ ಮಾಡಿಸಿದ್ದು ಒಳ್ಳೆಯದೇ ಆಯಿತು.

---

ಬಿಳಿಕೋಟು:

ಅವರು ಹೇಳಿದ ಹಾಳೆ ಈವತ್ತೇ ಶುರು ಮಾಡಿ. ಆಪರೇಷನ್ ಮಾತು ಅದಾದ ಮೇಲೆ.

ಕಾಯದೆ ಓಡಬೇಕಾದ ಸಂದರ್ಭಗಳೂ ಇವೆ. ನೋವು ಒಂದೇ ಕಡೆ ವಿಪರೀತ, ಬಾಯಿ ಪೂರ್ತಿ ತೆಗೆಯಲು ಆಗುತ್ತಿಲ್ಲ, ಜೊಲ್ಲು ಸುರಿಯುತ್ತಿದೆ, ಮಾತು ಬಾಯಲ್ಲಿ ಏನೋ ತುಂಬಿಕೊಂಡ ಹಾಗೆ ಬರುತ್ತಿದೆ, ಕಿರುನಾಲಿಗೆ ಒಂದು ಪಕ್ಕಕ್ಕೆ ಸರಿದಿದೆ ಅಂದರೆ ಟಾನ್ಸಿಲ್ ಪಕ್ಕದಲ್ಲಿ ಕೀವುಗಡ್ಡೆ ಆಗಿರಬಹುದು. ಅದಕ್ಕೆ ಮಾತ್ರೆ ಸಾಲದು, ಹೆಚ್ಚಾಗಿ ಕೀವು ತೆಗೆಯಬೇಕಾಗುತ್ತದೆ. ಉಸಿರಾಡುವಾಗ ಸದ್ದು ಬಂದರೆ ತಡ ಮಾಡಲೇಬೇಡಿ.

ನಿಮ್ಮ ವಯಸ್ಸಿನವರಲ್ಲಿ ನಾನು ಮರೆಯದ ಇನ್ನೊಂದು ಹೆಸರು ಫ್ಯೂಸೋಬ್ಯಾಕ್ಟೀರಿಯಮ್ ನೆಕ್ರೋಫೋರಮ್. ಹದಿಹರೆಯದವರು ಮತ್ತು ಇಪ್ಪತ್ತರ ಆಸುಪಾಸಿನವರ ಗಂಟಲು ನೋವಿನಲ್ಲಿ ಕಾಣುತ್ತದೆ. ಗಾಳಿ ಇದ್ದರೆ ಬೆಳೆಯದ ಬ್ಯಾಕ್ಟೀರಿಯಾ, ಮಾಮೂಲಿ ಗಂಟಲಿನ ಕಲ್ಚರ್‌ನಲ್ಲಿ ಸಿಗುವುದೇ ಇಲ್ಲ, ಸ್ಟ್ರೆಪ್‌ಗೆ ಮಾಡುವ ರ‍್ಯಾಪಿಡ್ ಟೆಸ್ಟ್‌ಗೂ ಸಿಗುವುದಿಲ್ಲ. ಅಪರೂಪಕ್ಕೆ ಅದು ಕುತ್ತಿಗೆಯ ರಕ್ತನಾಳಕ್ಕೆ ಇಳಿದು ಹೆಪ್ಪು ಕಟ್ಟಿಸಿ, ಅಲ್ಲಿಂದ ನಂಜು ಶ್ವಾಸಕೋಶಕ್ಕೆ ಹೋಗುತ್ತದೆ. 1936ರಲ್ಲಿ ಆಂದ್ರೆ ಲೆಮಿಯೆರ್ ಎಂಬ ಫ್ರೆಂಚ್ ವೈದ್ಯರು ವಿವರಿಸಿದ್ದು ಇದನ್ನೇ. ಅಜಿಥ್ರೋಮೈಸಿನ್ ಇದರ ಮೇಲೆ ನಂಬಿಕೆಗೆ ಅರ್ಹ ಅಲ್ಲ. ಗಂಟಲು ನೋವು ಬಂದು ನಾಲ್ಕೈದು ದಿನ ಆದ ಮೇಲೆ ಇಳಿಯುವ ಬದಲು ಮೈ ನಡುಗಿಸುವ ಚಳಿಜ್ವರ, ಕುತ್ತಿಗೆಯ ಒಂದು ಪಕ್ಕ ಊತ, ಎದೆನೋವು ಬಂದರೆ ನೇರ ಆಸ್ಪತ್ರೆಗೆ ಹೋಗಬೇಕು. ಹೆದರಿಸಲು ಹೇಳಿದ್ದಲ್ಲ, ಬಹಳ ಅಪರೂಪ. ಆದರೆ "ಅಜಿಥ್ರೋ ತಗೊಂಡಿದ್ದೇನಲ್ಲ" ಅಂತ ಮನೆಯಲ್ಲೇ ಕೂರಬಾರದು.

---

ಅರ್ಧರಾತ್ರಿ ಓದುಗ:

ಇಷ್ಟು ವಿವರ ಯಾರೂ ಹೇಳಿರಲಿಲ್ಲ ಸರ್. ಅಲರ್ಜಿ ಟೆಸ್ಟ್‌ಗೆ ಬರೆಸಿಕೊಳ್ಳುತ್ತೇನೆ. ಅಷ್ಟರೊಳಗೆ ಮತ್ತೆ ಬಂದರೆ? ಸ್ವಾಬ್ ಯಾವಾಗ, ಹೇಗೆ ಕೊಡಬೇಕು?

---

ಬಿಳಿಕೋಟು:

ಅಷ್ಟರೊಳಗೆ ಬಂದರೆ ಮೊದಲು ಟೆಸ್ಟ್, ಪಾಸಿಟಿವ್ ಇದ್ದರೆ ಮಾತ್ರ ಆಂಟಿಬಯೋಟಿಕ್. ತೀವ್ರ ಅಲರ್ಜಿಯ ಇತಿಹಾಸ ಇಲ್ಲದವರಿಗೆ ಸೆಫಾಲೆಕ್ಸಿನ್ 10 ದಿನ ಎನ್ನುವ ದಾರಿ ಇದೆ, ನೀವು ಸೆಫಿಕ್ಸಿಮ್ ತಡೆದುಕೊಂಡಿದ್ದೀರಿ ಅನ್ನುವುದನ್ನು ನಿಮ್ಮ ಡಾಕ್ಟರಿಗೆ ಹೇಳಿ. ನೆಗೆಟಿವ್ ಇದ್ದರೆ ಪ್ಯಾರಾಸಿಟಮಾಲ್, ಉಪ್ಪುನೀರಿನ ಗಾರ್ಗಲ್, ವಿಶ್ರಾಂತಿ.

---

ಲ್ಯಾಬ್ ಮೂಲೆ:

ಸ್ವಾಬ್ ಮೊದಲ ಮಾತ್ರೆಗಿಂತ ಮುಂಚೆ. ಆಂಟಿಸೆಪ್ಟಿಕ್ ಮೌತ್‌ವಾಶ್ ಮುಕ್ಕಳಿಸಿ ಬರಬೇಡಿ. ತೆಗೆಯುವವರು ಎರಡೂ ಟಾನ್ಸಿಲ್ ಮತ್ತು ಗಂಟಲಿನ ಹಿಂದಿನ ಗೋಡೆ ಚೆನ್ನಾಗಿ ಉಜ್ಜಬೇಕು, ನಾಲಿಗೆಗೆ ಕೆನ್ನೆಗೆ ತಾಗಿಸಬಾರದು. ವಾಕರಿಕೆ ಬರುತ್ತದೆ. ವಾಕರಿಕೆ ಬರಲಿಲ್ಲ ಅಂದರೆ ಸರಿಯಾದ ಜಾಗ ಮುಟ್ಟಿಲ್ಲ ಅಂತ ನನ್ನ ಅನುಮಾನ. ಫಾರ್ಮ್‌ನಲ್ಲಿ ಪದೇ ಪದೇ ಬರುತ್ತಿದೆ ಅಂತ ಬರೆಸಿ, ಗ್ರೂಪ್ ಸಿ ಮತ್ತು ಜಿ ಸ್ಟ್ರೆಪ್ ಕೂಡ ನೋಡಿ ಅಂತ ಕೇಳಿ, ಕೆಲವು ಕಡೆ ಕೇಳದಿದ್ದರೆ ವರದಿ ಮಾಡುವುದಿಲ್ಲ. ಸ್ಟ್ರೆಪ್ ಸಿಕ್ಕರೆ ಎರಿಥ್ರೋಮೈಸಿನ್, ಕ್ಲಿಂಡಾಮೈಸಿನ್‌ಗೆ ಬಗ್ಗುತ್ತದೋ ಇಲ್ಲವೋ ಅನ್ನುವುದನ್ನೂ ಹಾಕಿಸಿ. ಎರಿಥ್ರೋಮೈಸಿನ್‌ಗೆ ಆರ್ ಬಂದರೆ ಅದೇ ಜಾತಿಯ ಅಜಿಥ್ರೋಮೈಸಿನ್‌ಗೂ ಆರ್ ಅಂತಲೇ ಓದಿಕೊಳ್ಳಿ.